ಹೈಫಾ ಗೆಲುವಿನಲ್ಲಿ ಮೈಸೂರಿನ ಪಾಲು

ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಒಟ್ಟೋಮನ್ ತುರ್ಕರಿಂದ ಗೆದ್ದದ್ದು ಜೋಧಪುರದ ಅಶ್ವದಳವೊಂದೇ, ಮೈಸೂರಿನವರು ಬೆನ್ನ ಹಿಂದೆ ಬಂದವರಷ್ಟೇ ಎಂಬ ಪ್ರಕಟಿತ ಅಭಿಪ್ರಾಯವು ಕದನದ ಕ್ರಮವನ್ನೇ ಕಡೆಗಣಿಸುತ್ತದೆ. ಮೈಸೂರು ಲ್ಯಾನ್ಸರ್ಸ್, ಅಂದರೆ ಭರ್ಜಿ ಹಿಡಿದ ಸವಾರರ ಪಡೆಯ ಒಂದು ತುಕಡಿ, ಪಟ್ಟಣದ ದಾರಿಯ ಮೇಲೆ ಗುಂಡು ಸುರಿಸುತ್ತಿದ್ದ ಫಿರಂಗಿಗಳನ್ನು ಹಿಡಿಯಲು ಕಾರ್ಮೆಲ್ ಬೆಟ್ಟದ ಕಡಿದಾದ ಏರನ್ನು ಹತ್ತಿತು. ಉಳಿದವರು ಮೆಷಿನ್‌ಗನ್ ಬೆಂಬಲ ನೀಡಿ, ಬಳಿಕ ಜೋಧಪುರದವರೊಡನೆ ಪಟ್ಟಣವನ್ನು ಹೊಕ್ಕರು. ಜೋಧಪುರದ ದಳವನ್ನು ಮುನ್ನಡೆಸಿ ಮಡಿದ ಮೇಜರ್ ದಲಪತ್ ಸಿಂಗರ ಬಲಿದಾನ ಪ್ರಶ್ನಾತೀತವಾದರೂ, ಅದನ್ನು ಗೌರವಿಸಲು ಇನ್ನೊಬ್ಬರ ಸಾಹಸವನ್ನು ಅಳಿಸಬೇಕಿಲ್ಲ. ಪೋಲೆಂಡಿನಲ್ಲಿಯೂ ಸೋವಿಯತ್ ಸೇನೆಯ ವಿರುದ್ಧದ 1920ರ ವಾರ್ಸಾ ಗೆಲುವನ್ನು ದೇಶದ ನಾಯಕ ಪಿಲ್ಸುದ್‌ಸ್ಕಿ ಒಬ್ಬರಿಗೇ ಸಲ್ಲಿಸಿ, ಸೇನಾ ಮುಖ್ಯಸ್ಥ ರೊಜ್ವಾದೊವ್‌ಸ್ಕಿಯವರನ್ನು ಮರೆಗೆ ಸರಿಸುವ ವಾದ ಇದೇ ತಪ್ಪನ್ನು ಮಾಡುತ್ತದೆ.

ಮೈಸೂರು ಲ್ಯಾನ್ಸರ್ಸ್ ಪಡೆಯು ಇಂಪೀರಿಯಲ್ ಸರ್ವಿಸ್ ವ್ಯವಸ್ಥೆಗೆ, ಅಂದರೆ ಸಂಸ್ಥಾನವೇ ತನ್ನ ಬೊಕ್ಕಸದಿಂದ ಸಾಕಿ ಸಾಮ್ರಾಜ್ಯದ ಯುದ್ಧಗಳಿಗೆ ಒದಗಿಸುವ ಸೇನೆಗೆ ಸೇರಿದ್ದರಿಂದ, ಅಂದು ಮೈಸೂರಿನ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಗೌರಸಮುದ್ರದಂಥ ಬಯಲುಸೀಮೆಯ ಹಳ್ಳಿಗಳ ಕಂದಾಯವೂ ಅದರ ಹಿಂದಿತ್ತು. ದೆಹಲಿಯ ತೀನ್ ಮೂರ್ತಿ ಸ್ಮಾರಕವು ಒಂದೇ ಬ್ರಿಗೇಡಿನಲ್ಲಿದ್ದ ಹೈದರಾಬಾದ್, ಮೈಸೂರು, ಜೋಧಪುರದ ಮೂರೂ ಪಡೆಗಳನ್ನು ಸಮಾನವಾಗಿ ನಿಲ್ಲಿಸಿರುವಾಗ, ಇತಿಹಾಸ ಬರೆಯುವವರು ಮೈಸೂರನ್ನು ಅಡಿಟಿಪ್ಪಣಿಗೆ ತಳ್ಳುವುದು ಅನ್ಯಾಯ.