ಫೈಸಲ್ ದೊರೆ ಮತ್ತು ಅವನ ಸಲಹೆಗಾರರು

ಅರಸನ ಯೋಗ್ಯತೆಯನ್ನು ಅವನ ಮಂತ್ರಿಗಳನ್ನು ನೋಡಿ ಅಳೆಯಬೇಕೆಂಬುದು ನಮ್ಮ ರಾಜನೀತಿ ಪರಂಪರೆಯ ಹಳೆಯ ತಿಳಿವಳಿಕೆ. ಅದರ ಹಿಂದೆ ಒಂದು ಗೃಹೀತವಿದೆ: ಮಂತ್ರಿಯನ್ನು ಆರಿಸುವವನು ಅರಸ. ಮಂತ್ರಿಗಳೇ ಅರಸನನ್ನು ಆರಿಸಿ ತಂದು ಸಿಂಹಾಸನದ ಮೇಲೆ ಕೂರಿಸಿದರೆ ಏನಾಗುತ್ತದೆ? ಈ ಪ್ರಶ್ನೆಗೆ 1921ರ ಇರಾಕ್ ಒಂದು ಉತ್ತರ ಕೊಡುತ್ತದೆ.

ಮಕ್ಕಾದ ಷರೀಫ್ ಹುಸೇನನ ಮಗ ಫೈಸಲ್, ಮೊದಲ ಮಹಾಯುದ್ಧದಲ್ಲಿ ತುರ್ಕರ ವಿರುದ್ಧ ನಡೆದ ಅರಬ್ ದಂಗೆಯ ಸೇನಾನಿ. 1920ರ ಮಾರ್ಚಿಯಲ್ಲಿ ಡಮಾಸ್ಕಸ್ಸಿನಲ್ಲಿ ಅವನನ್ನು ಸಿರಿಯಾದ ದೊರೆಯೆಂದು ಸಾರಲಾಯಿತು. ಜುಲೈ ತಿಂಗಳಲ್ಲಿ ಫ್ರೆಂಚರು ಅವನನ್ನು ಅಲ್ಲಿಂದ ಹೊರದಬ್ಬಿದರು. ಅದೇ ವರ್ಷ ಇರಾಕಿನ ಜನ ಬ್ರಿಟಿಷರ ವಿರುದ್ಧ ದಂಗೆಯೆದ್ದರು. ದಂಗೆಯನ್ನು ಅಡಗಿಸಲು ಬ್ರಿಟನ್ನಿಗೆ ಅಪಾರ ವೆಚ್ಚವಾಯಿತು. ಕಡಿಮೆ ಖರ್ಚಿನಲ್ಲಿ ಆಳುವ ದಾರಿಯನ್ನು ಹುಡುಕಿ ವಸಾಹತು ಸಚಿವ ಚರ್ಚಿಲ್ 1921ರ ಮಾರ್ಚಿಯಲ್ಲಿ ಕೈರೋದಲ್ಲಿ ಸಭೆ ಸೇರಿಸಿದ. ದೇಶವಿಲ್ಲದ ದೊರೆಗೆ ದೊರೆಯಿಲ್ಲದ ದೇಶವನ್ನು ಕೊಡುವುದೆಂದು ಅಲ್ಲಿ ನಿಶ್ಚಯವಾಯಿತು.

ಮುಂದಿನದನ್ನು ನೆರವೇರಿಸಿದವರು ಬಾಗ್ದಾದಿನ ಹೈ ಕಮಿಷನರ್ ಸರ್ ಪರ್ಸಿ ಕಾಕ್ಸ್ ಮತ್ತು ಅವನ ಪೌರ್ವಾತ್ಯ ಕಾರ್ಯದರ್ಶಿ ಗರ್ಟ್ರೂಡ್ ಬೆಲ್. ಫೈಸಲನಿಗೆ ಪ್ರತಿಸ್ಪರ್ಧಿಯಾಗಬಲ್ಲವನು ಬಸ್ರಾದ ಸಯ್ಯಿದ್ ತಾಲಿಬ್. ಅವನನ್ನು ಕಾಕ್ಸನ ಮನೆಗೆ ಚಹಾಕ್ಕೆ ಕರೆಯಲಾಯಿತು. ಹಿಂತಿರುಗುವ ಹಾದಿಯಲ್ಲೇ ಸೆರೆಹಿಡಿದು ಸಿಲೋನಿಗೆ ಗಡಿಪಾರು ಮಾಡಲಾಯಿತು. ಬಳಿಕ ಜನಾಭಿಪ್ರಾಯ ಸಂಗ್ರಹಣೆ ನಡೆದು, ನೂರಕ್ಕೆ 96 ಮಂದಿ ಫೈಸಲನ ಪರವಾಗಿದ್ದಾರೆಂದು ಪ್ರಕಟವಾಯಿತು. ಕಿರ್ಕುಕ್ ಅವನನ್ನು ತಿರಸ್ಕರಿಸಿತ್ತು, ಸುಲೈಮಾನಿಯಾ ಭಾಗವಹಿಸಿಯೇ ಇರಲಿಲ್ಲ. ಆಗಸ್ಟ್ 23ರ ಬೆಳಗ್ಗೆ ಪಟ್ಟಾಭಿಷೇಕವಾದಾಗ ಹೊಸ ರಾಜ್ಯಕ್ಕೆ ರಾಷ್ಟ್ರಗೀತೆ ಇನ್ನೂ ಇರಲಿಲ್ಲ. ವಾದ್ಯವೃಂದ ನುಡಿಸಿದ್ದು ಬ್ರಿಟಿಷ್ ದೊರೆಯ ಗೀತೆಯನ್ನು. ದೊರೆಗಳನ್ನು ಸೃಷ್ಟಿಸುವ ಕೆಲಸ ಇನ್ನು ಸಾಕು, ಅದು ಬಹಳ ದಣಿಸುತ್ತದೆ ಎಂಬರ್ಥದಲ್ಲಿ ಬೆಲ್ ತನ್ನ ತಂದೆಗೆ ಪತ್ರ ಬರೆದಳು.

ಈ ಪತ್ರವನ್ನು ಓದಿ ಆಕೆಯ ಚಾತುರ್ಯಕ್ಕೆ ಬೆರಗಾಗುವವರು ಇಂದಿಗೂ ಬಹಳ. ಆ ಬೆರಗಿನಲ್ಲಿ ಒಂದು ಸಂಗತಿ ಮರೆಯಾಗುತ್ತದೆ. ಇರಾಕಿನ ಪ್ರತಿಯೊಂದು ಸಚಿವಾಲಯದಲ್ಲೂ ಅರಬ್ ಮಂತ್ರಿಯ ಪಕ್ಕದಲ್ಲಿ ಒಬ್ಬ ಬ್ರಿಟಿಷ್ ಸಲಹೆಗಾರನಿದ್ದ. ಒಳಾಡಳಿತದ ಸಲಹೆಗಾರನಾಗಿ ಕಿನಾಹನ್ ಕಾರ್ನ್‌ವಾಲಿಸ್ 1921ರಿಂದ 1935ರವರೆಗೆ ಉಳಿದ. ಅಷ್ಟರಲ್ಲಿ ಅದೆಷ್ಟು ಮಂತ್ರಿಮಂಡಲಗಳು ಬಂದುಹೋದವು! ಸಹಿ ಮಂತ್ರಿಯದು, ಸಮ್ಮತಿ ಸಲಹೆಗಾರನದು. ತಪ್ಪಾದರೆ ಜನರ ಮುಂದೆ ನಿಲ್ಲಬೇಕಾದವನು ಮಾತ್ರ ಮಂತ್ರಿಯೇ.

ಈ ಪದ್ಧತಿ ಬಾಗ್ದಾದಿನಲ್ಲಿ ಹುಟ್ಟಿದ್ದಲ್ಲ. ಕಾಕ್ಸ್ ಭಾರತ ಸರ್ಕಾರದ ರಾಜಕೀಯ ಇಲಾಖೆಯಲ್ಲಿ ಪಳಗಿದವನು, ಪರ್ಷಿಯನ್ ಕೊಲ್ಲಿಯಲ್ಲಿ ರೆಸಿಡೆಂಟನಾಗಿದ್ದವನು. ರೆಸಿಡೆಂಟರ 'ಸಲಹೆ' ಎಂದರೇನೆಂದು ಮೈಸೂರಿನವರಾದ ನಮಗೆ ಗೊತ್ತು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದ ಪತ್ರದಲ್ಲಿಯೇ, ಆಡಳಿತದ ಮುಖ್ಯ ವಿಷಯಗಳಲ್ಲಿ ಗವರ್ನರ್ ಜನರಲ್ಲನ ಸಲಹೆಯಂತೆ ನಡೆಯತಕ್ಕದ್ದೆಂಬ ಷರತ್ತು ಇತ್ತು. ಬ್ರಿಟಿಷ್ ಹಿತಾಸಕ್ತಿಗೆ ಸಂಬಂಧಿಸಿದ ಎಲ್ಲ ಮಹತ್ತ್ವದ ವಿಷಯಗಳಲ್ಲಿ ಹೈ ಕಮಿಷನರನ ಸಲಹೆಯನ್ನು ಅನುಸರಿಸುವುದಾಗಿ 1922ರ ಒಪ್ಪಂದದಲ್ಲಿ ಫೈಸಲನೂ ಒಪ್ಪಬೇಕಾಯಿತು. ನಿರಾಕರಿಸಲು ಬಾರದ ಸಲಹೆ ಸಲಹೆಯಲ್ಲ, ಆಜ್ಞೆ.

ಆ ಒಪ್ಪಂದಕ್ಕೆ ಸಹಿ ಬಿದ್ದ ರೀತಿಯೇ ಇದಕ್ಕೆ ನಿದರ್ಶನ. 1922ರ ಆಗಸ್ಟಿನಲ್ಲಿ, ಪಟ್ಟಾಭಿಷೇಕದ ಮೊದಲ ವಾರ್ಷಿಕೋತ್ಸವದಂದು, ಅರಮನೆಯ ಅಂಗಳದಲ್ಲಿ ಕಾಕ್ಸನ ಎದುರಿಗೇ ಬ್ರಿಟಿಷ್ ವಿರೋಧಿ ಘೋಷಣೆಗಳು ಮೊಳಗಿದವು. ದೊರೆ ಅಪೆಂಡಿಸೈಟಿಸ್‌ನಿಂದ ಹಾಸಿಗೆ ಹಿಡಿದ. ವಿರೋಧಿ ನಾಯಕರ ಬಂಧನಕ್ಕೆ ಅವನ ಒಪ್ಪಿಗೆ ಕೇಳಲಾಯಿತು; ಅವನು ಕೊಡಲಿಲ್ಲ. ಶಸ್ತ್ರಚಿಕಿತ್ಸೆಯಾಗಿ ಅವನು ಮಲಗಿದ್ದಾಗ ಕಾಕ್ಸ್ ಆಡಳಿತವನ್ನು ತಾನೇ ಕೈಗೆತ್ತಿಕೊಂಡ. ನಾಯಕರು ಗಡಿಪಾರಾದರು, ಪಕ್ಷಗಳು ಮುಚ್ಚಿದವು, ಪತ್ರಿಕೆಗಳು ನಿಂತವು. ಚೇತರಿಸಿಕೊಂಡ ದೊರೆಯ ಮುಂದೆ ಉಳಿದಿದ್ದುದು ಒಂದೇ ದಾರಿ. ಅಕ್ಟೋಬರ್ 10ರಂದು ಒಪ್ಪಂದಕ್ಕೆ ಸಹಿಯಾಯಿತು.

ಸಲಹೆಗಾರರಿಂದ ಒಳ್ಳೆಯದಾಗಲೇ ಇಲ್ಲವೆಂದರೆ ಅನ್ಯಾಯವಾದೀತು. ಬಾಗ್ದಾದಿನ ವಸ್ತುಸಂಗ್ರಹಾಲಯವನ್ನು ಕಟ್ಟಿದವಳು ಬೆಲ್. ಆಕೆ ಅರಬ್ಬಿಯನ್ನು ಬಲ್ಲವಳು, ಇರಾಕನ್ನು ಪ್ರೀತಿಸಿದವಳು, 1926ರಲ್ಲಿ ಅಲ್ಲಿಯೇ ಮಣ್ಣಾದವಳು. ಆದರೆ ಪ್ರೀತಿ ಹೊಣೆಗಾರಿಕೆಗೆ ಪರ್ಯಾಯವಲ್ಲ. ಇತ್ತ ಫೈಸಲನೂ ಕೇವಲ ಸೂತ್ರದ ಗೊಂಬೆಯಾಗಿರಲಿಲ್ಲ. ತನ್ನೊಡನೆ ಯುದ್ಧದಲ್ಲಿದ್ದ ನೂರಿ ಅಲ್ ಸಯೀದ್, ಜಾಫರ್ ಅಲ್ ಅಸ್ಕರಿಯಂಥವರನ್ನು ಸುತ್ತ ಇಟ್ಟುಕೊಂಡು, ಕೊಟ್ಟಷ್ಟನ್ನು ಪಡೆದು ಇನ್ನಷ್ಟನ್ನು ಕೇಳುವ ತಾಳ್ಮೆಯಿಂದ ನಡೆದ. 1930ರ ಹೊಸ ಒಪ್ಪಂದ, 1932ರ ಅಕ್ಟೋಬರಿನಲ್ಲಿ ರಾಷ್ಟ್ರಸಂಘದ ಸದಸ್ಯತ್ವ, ಇವು ಆ ತಾಳ್ಮೆಯ ಫಲಗಳು.

ಆದರೂ ಮೂಲದ ದೋಷ ಅಳಿಯಲಿಲ್ಲ. ಕೊನೆಗಾಲದ ಒಂದು ಗೋಪ್ಯ ಟಿಪ್ಪಣಿಯಲ್ಲಿ ಫೈಸಲ್, ತನ್ನ ರಾಜ್ಯದಲ್ಲಿ ಒಂದು ಜನತೆಯೆಂಬುದು ಇನ್ನೂ ರೂಪುಗೊಂಡಿಲ್ಲವೆಂದು ಮರುಗಿದ. ಪ್ರಜೆಗಳ ಬಳಿ ಲಕ್ಷಕ್ಕೂ ಮಿಕ್ಕಿ ಬಂದೂಕುಗಳಿರುವಾಗ ಸರ್ಕಾರದ ಬಳಿ ಇರುವುದು 15,000 ಎಂದು ಲೆಕ್ಕ ಹಾಕಿದ. ಸಲಹೆಗಾರರು ದೊರೆಯನ್ನು ತಂದಿದ್ದರು, ಪ್ರಜೆಗಳ ವಿಶ್ವಾಸವನ್ನು ತರಲು ಅವರಿಂದ ಆಗಿರಲಿಲ್ಲ. 1933ರ ಸೆಪ್ಟೆಂಬರಿನಲ್ಲಿ ಅವನು ಸ್ವಿಟ್ಜರ್ಲೆಂಡಿನ ಬೆರ್ನ್ ನಗರದಲ್ಲಿ ತೀರಿಕೊಂಡ.

1958ರ ಜುಲೈ 14ರಂದು ಬಾಗ್ದಾದಿನ ಅರಮನೆಯಲ್ಲಿ ಸೈನಿಕರ ಗುಂಡಿಗೆ ಬಲಿಯಾದವನು ಅವನ ಮೊಮ್ಮಗ, ಇಪ್ಪತ್ತಮೂರು ವರ್ಷದ ಎರಡನೆಯ ಫೈಸಲ್. ಮರುದಿನ ನೂರಿಯೂ ಹತನಾದ. ಕೈರೋದ ಸಭೆಯಲ್ಲಿ ಕುಳಿತವರು ಮಾಡಿದ ಸಾಲವನ್ನು, ಆಗಿನ್ನೂ ಹುಟ್ಟಿರದ ಒಬ್ಬ ಹುಡುಗ ತೀರಿಸಬೇಕಾಯಿತು. ಸಿಂಹಾಸನದ ಹಿಂದೆ ನಿಂತವರ ಜಾಣ್ಮೆಯನ್ನು ಹೊಗಳುವ ಮೊದಲು, ಅದರ ಬೆಲೆ ತೆತ್ತವರು ಯಾರೆಂದು ಇತಿಹಾಸಕಾರ ಕೇಳಲೇಬೇಕು.