ಹಕ್ಕಿಗೆ ಸಾಲವಿಲ್ಲ, ನಮಗಿದೆ



ಒಂದು ಭಾನುವಾರದ ಬಲಿಪೂಜೆಯಲ್ಲಿ ನಾವು ಸಂತ ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದ ಮೇಲೆ ಪ್ರಬೋಧನೆ ನೀಡಿದೆವು. ಬಿತ್ತದ, ಕಣಜ ತುಂಬಿಸದ ಹಕ್ಕಿಗಳನ್ನೂ ಸ್ವರ್ಗದ ತಂದೆ ಸಾಕುವುದನ್ನು ಪ್ರಭು ಯೇಸು ಜನರಿಗೆ ತೋರಿಸಿಕೊಟ್ಟ ಭಾಗವದು. ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸ. ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿದ್ದವರನ್ನು ಸುಡುತ್ತದೆ ಎಂದೂ ಸೇರಿಸಿದೆವು. ಎಲ್ಲರೂ ತಲೆದೂಗಿದರು. ಪ್ರಬೋಧನೆ ಚೆನ್ನಾಗಿ ಆಯಿತೆಂದು ನಮಗೂ ಅನ್ನಿಸಿತು.

ಪೂಜೆ ಮುಗಿದ ಮೇಲೆ ತಾಂಡೂರು ಕಡೆಯ ರೈತರೊಬ್ಬರು ಬಾಗಿಲ ಬಳಿ ನಿಂತಿದ್ದರು. "ಹಕ್ಕಿಗಿ ಸಾಲ ಇಲ್ರಿ ಫಾದರ್, ನಮಗ ಅದ" ಎಂದರು. ಅಷ್ಟೇ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಎಷ್ಟೋ ರಾತ್ರಿ ನಿದ್ದೆ ಕಾಣದ ಕಣ್ಣುಗಳಾಗಿದ್ದವು ಅವು. ನಮ್ಮ ಬಳಿ ಉತ್ತರವಿರಲಿಲ್ಲ. "ನಿಮ್ಮ ಹೊಲ ನೋಡಲು ಬರುತ್ತೇವೆ" ಎಂದಷ್ಟೇ ಹೇಳಿದೆವು.

ತಾಂಡೂರು, ಜಹೀರಾಬಾದ್, ನಾರಾಯಣಖೇಡ ಇಂದು ತೆಲಂಗಾಣದಲ್ಲಿವೆ. 1956ಕ್ಕೆ ಮುನ್ನ ತಾಂಡೂರು ಗುಲ್ಬರ್ಗಾ ಜಿಲ್ಲೆಗೂ ಉಳಿದೆರಡು ಬೀದರ್ ಜಿಲ್ಲೆಗೂ ಸೇರಿದ್ದವು. ಗಡಿ ಬದಲಾದರೂ ಅನೇಕ ಮನೆಗಳಲ್ಲಿ ಕನ್ನಡ ಉಳಿದಿದೆ. ತೊಗರಿಯೂ ಉಳಿದಿದೆ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಕಾಯಿಕೊರಕ ಹುಳು ಬಂದರೆ ವರ್ಷದ ದುಡಿಮೆ ಮಣ್ಣುಪಾಲು.

ಆ ರೈತರ ಹೊಲದಲ್ಲಿ ಅಲ್ಲಲ್ಲಿ ಪೈರಿಗಿಂತ ಎತ್ತರವಾಗಿ ಒಣ ಟೊಂಗೆಗಳನ್ನು ನೆಟ್ಟಿದ್ದರು. ಏಕೆಂದು ಕೇಳಿದೆವು. "ಹಕ್ಕಿ ಕೂಡಲಿಕ್ಕರಿ" ಎಂದರು. ನೋಡುತ್ತಿದ್ದಂತೆಯೇ ಕಾಜಾಣವೊಂದು ಬಂದು ಟೊಂಗೆಯ ಮೇಲೆ ಕುಳಿತಿತು, ಕೆಳಗೆರಗಿ ಒಂದು ಹುಳು ಹಿಡಿದು ಮತ್ತೆ ಅಲ್ಲಿಗೇ ಬಂತು. "ಹುಳ ಆರಿಸೋದು ಅದರ ಕೆಲಸರಿ. ಟೊಂಗಿ ನಡೋದು ನಂದು" ಎಂದು ಅವರು ನಕ್ಕರು.

ನಾವು ಪ್ರಬೋಧನೆಯಲ್ಲಿ ಹೇಳದೆ ಬಿಟ್ಟದ್ದು ಇದನ್ನೇ ಅಲ್ಲವೇ? ಯೇಸು ತೋರಿಸಿದ ಹಕ್ಕಿ ಗೂಡಿನಲ್ಲಿ ಸುಮ್ಮನೆ ಕುಳಿತ ಹಕ್ಕಿಯಲ್ಲ. ಬೆಳಕು ಹರಿಯುವ ಮುನ್ನ ಎದ್ದು ದಿನವಿಡೀ ದುಡಿಯುವ ಹಕ್ಕಿ. ಬಡಗಿಯ ಮನೆಯಲ್ಲಿ ಬೆಳೆದ ಪ್ರಭು ದುಡಿಮೆ ಬೇಡವೆನ್ನಲಿಲ್ಲ. ನಾಳೆಯ ಭಾರವನ್ನು ಇಂದೇ ಹೊರಬೇಡಿ ಎಂದರು. ನಮ್ಮ ಟೊಂಗೆ ನೆಡುವುದು ನಮ್ಮ ಪಾಲು. ಉಳಿದದ್ದು ದೇವರ ಪಾಲು.

ಅಲ್ಲಿಂದ ಉತ್ತರಕ್ಕೆ ಜಹೀರಾಬಾದಿನ ಕಡೆ ಹೋದೆವು. ಆ ಭಾಗದ ಹಳ್ಳಿಗಳಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳಿವೆ. ಅಲ್ಲಿನ ಬಡ ಹೆಣ್ಣುಮಕ್ಕಳು ಒಂದೇ ಹೊಲದಲ್ಲಿ ಜೋಳ, ನವಣೆ, ಸಜ್ಜೆ, ತೊಗರಿ ಎಂದು ಹಲವು ಬೆಳೆ ಬೆಳೆಯುತ್ತಾರೆ, ಬೀಜವನ್ನು ಮನೆಯಲ್ಲೇ ಕಾಪಾಡುತ್ತಾರೆ. 2019ರಲ್ಲಿ ಈ ಸಂಸ್ಥೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಹಕ್ಕಿಯೂ ಒಂದೇ ಮರವನ್ನು ನಂಬಿ ಬದುಕುವುದಿಲ್ಲ. ಬೇವಿನ ಹಣ್ಣು ಮುಗಿದರೆ ಆಲದ ಹಣ್ಣಿಗೆ ಹೋಗುತ್ತದೆ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯಲಿ ಎಂದು ಮುಂಚಿತವಾಗಿ ಯೋಚಿಸುವುದು ಚಿಂತೆಯಲ್ಲ, ವಿವೇಕ.

ಮುಂದೆ ನಾರಾಯಣಖೇಡದ ದಾರಿಯಲ್ಲಿ ಮಂಜೀರಾ ನದಿ. ಚಳಿಗಾಲದಲ್ಲಿ ಈ ನದಿಯ ನೀರಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವುದೂ ಇವೇ. ಹಿಮಾಲಯವನ್ನೇ ದಾಟಿ ಬರುವ ಈ ಹಕ್ಕಿಗಳು ಗುಂಪಾಗಿ, ಸಾಲುಗಟ್ಟಿ ಹಾರುತ್ತವೆ. ಅಷ್ಟು ದೊಡ್ಡ ಪರ್ವತವನ್ನು ಜೊತೆಗೂಡಿ ದಾಟುತ್ತವೆ.

ಇದನ್ನು ನೆನೆಯುವಾಗ ತಾಂಡೂರಿನ ಹೊಲದಲ್ಲಿ ನಾವು ಕೇಳಿದ ಇನ್ನೊಂದು ಪ್ರಶ್ನೆ ನೆನಪಾಗುತ್ತದೆ. "ಸಾಲ ಎಷ್ಟಿದೆ ಎಂದು ಮನೆಯವರಿಗೆ ಗೊತ್ತೇ?" ಆ ಸಹೋದರರು ತಲೆ ತಗ್ಗಿಸಿದ್ದರು. ಹೆಂಡತಿಗೂ ಹೇಳದೆ, ಮಗನಿಗೂ ಹೇಳದೆ ಎರಡು ವರ್ಷ ಒಬ್ಬರೇ ಹೊತ್ತಿದ್ದರು. "ಇವತ್ತೇ ಹೇಳಿ" ಎಂದು ನಾವು ಬೇಡಿಕೊಂಡೆವು.

ಪ್ರಿಯರೇ, ನಮ್ಮ ಗಡಿನಾಡಿನ ಎಷ್ಟು ಮನೆಗಳಲ್ಲಿ ಹೀಗೆ ಒಬ್ಬರೇ ಹಾರುತ್ತಿದ್ದಾರೆ? ಮಾನಕ್ಕೆ ಅಂಜಿ ಬಾಯಿ ಮುಚ್ಚಿಕೊಂಡವರು ಕೊನೆಗೆ ಜೀವವನ್ನೇ ಬಿಟ್ಟ ಸುದ್ದಿ ನಾವು ಕೇಳಿಲ್ಲವೇ? ಅಂಥವರಿಗೆ "ಚಿಂತೆ ಬಿಡಿ" ಎಂದು ಉಪದೇಶಿಸಿ ಮುಂದೆ ಹೋಗುವುದು ಸುಲಭ. ಪಕ್ಕದಲ್ಲಿ ಕುಳಿತು ಲೆಕ್ಕ ಕೇಳುವುದು, ಜೊತೆಗೆ ಬ್ಯಾಂಕಿಗೆ ಹೋಗುವುದು, ಒಂದು ರಾತ್ರಿ ಅವರ ಮನೆಯಲ್ಲಿ ಜಪಸರ ಹೇಳುವುದು ಕಷ್ಟ. ಸ್ವರ್ಗದ ತಂದೆ ಹಕ್ಕಿಗಳನ್ನು ಸಾಕುತ್ತಾರೆ, ನಿಜ. ಮನುಷ್ಯರನ್ನು ಸಾಕಲು ಅವರು ಬಹುಮಟ್ಟಿಗೆ ಮನುಷ್ಯರ ಕೈಗಳನ್ನೇ ಬಳಸುತ್ತಾರೆ.

ಮುಂದಿನ ತಿಂಗಳು ಆ ರೈತರು ಮತ್ತೆ ಪೂಜೆಗೆ ಬಂದರು. ಈ ಸಲ ಪತ್ನಿಯೂ ಜೊತೆಗಿದ್ದರು. "ಸಾಲ ಇನ್ನಾ ಅದರಿ ಫಾದರ್. ನಿದ್ದಿ ಬರ್ತದ" ಎಂದರು.

ಈ ವಾರ ನಿಮ್ಮ ಮನೆಯಲ್ಲಿ ರಾತ್ರಿಯ ಪ್ರಾರ್ಥನೆ ಮುಗಿದ ಮೇಲೆ ಐದು ನಿಮಿಷ ಯಾರೂ ಏಳಬೇಡಿ. "ನಿನ್ನ ಮನಸ್ಸಿನಲ್ಲಿ ಏನಿದೆ?" ಎಂದು ಒಬ್ಬರನ್ನೊಬ್ಬರು ಕೇಳಿ. ದೇವರು ನಿಮ್ಮ ಕುಟುಂಬಗಳನ್ನು ಆಶೀರ್ವದಿಸಲಿ.