ಕೊಬ್ಬರಿ ನಾಡಿನ ಮಕ್ಕಳಿಗೆ ವರ್ಚುವಲ್ ಲ್ಯಾಬ್ ಕಲಿಸುವುದೇನು?

ಕರಾವಳಿಯ ನಮಗೆ ತೆಂಗು ಹೊಸದಲ್ಲ. ಆದರೆ ಉಂಡೆ ಕೊಬ್ಬರಿ ಎಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯೇ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಸುಲಿದು ತಿಪಟೂರು ಎಪಿಎಂಸಿಗೆ ತರುವ ರೈತನ ವ್ಯವಹಾರ ಈಗ ಕಂಪ್ಯೂಟರ್ ಮೂಲಕ ಸಾಗುತ್ತದೆ. 2024ರ ಆರಂಭದಲ್ಲಿ ಕ್ವಿಂಟಾಲ್‌ಗೆ 12,000 ರೂಪಾಯಿ ಬೆಂಬಲ ಬೆಲೆಯ ಖರೀದಿಗೆ ನಡೆದ ನೋಂದಣಿಯಲ್ಲಿ ಅಕ್ರಮದ ದೂರುಗಳು ಬಂದು, ಸರ್ಕಾರ ಅದನ್ನು ರದ್ದುಪಡಿಸಿ ಮತ್ತೆ ಮೊದಲಿನಿಂದ ನೋಂದಣಿ ಮಾಡಿಸಬೇಕಾಯಿತು. ವರ್ಷದ ದುಡಿಮೆ ಹೀಗೆ ಒಂದು ಪರದೆಯನ್ನು ನಂಬಿ ನಿಂತಿರುವಾಗ, ಅದನ್ನು ಕಾಯುವವರು ಯಾರು?

ಅದೇ ರೈತರ ಮಕ್ಕಳಲ್ಲವೇ? ತಿಪಟೂರಿನಲ್ಲೇ ಕಲ್ಪತರು ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇದೆ. ಆದರೆ ಸೈಬರ್ ಭದ್ರತೆ ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಬೀಗ ಹೇಗೆ ಒಡೆಯುತ್ತದೆ ಎಂದು ಕಂಡವನಿಗೇ ಬೀಗ ಹಾಕಲು ಬರುವುದು. ಹಾಗೆಂದು ಪರರ ಕಂಪ್ಯೂಟರ್ ಮೇಲೆ ಅನುಮತಿಯಿಲ್ಲದೆ ಕೈಯಾಡಿಸಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧ. ಆದ್ದರಿಂದಲೇ ವರ್ಚುವಲ್ ಲ್ಯಾಬ್.

ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಯೋಜನೆಯಲ್ಲಿ ನಮ್ಮ ಸುರತ್ಕಲ್‌ನ ಎನ್‌ಐಟಿಕೆ ಕೂಡ ಪಾಲುದಾರ. ಹೈದರಾಬಾದ್‌ನ ಐಐಐಟಿ ಸಿದ್ಧಪಡಿಸಿದ ಗುಪ್ತಲಿಪಿ ಲ್ಯಾಬ್ ಅದರಲ್ಲಿದೆ. ಅಕ್ಷರಗಳನ್ನು ಸ್ಥಾನ ಬದಲಿಸಿ ಬರೆದ ಸಂದೇಶವನ್ನು ವಿದ್ಯಾರ್ಥಿ ಒಂದೊಂದೇ ಸಂಖ್ಯೆ ಹಾಕಿ ಬಿಡಿಸುತ್ತಾನೆ. ಬ್ರೌಸರ್ ಇದ್ದರೆ ಸಾಕು. ಆರಂಭಕ್ಕೆ ಒಳ್ಳೆಯದು, ಆದರೆ ಅದು ಮೊದಲೇ ಕಟ್ಟಿಟ್ಟ ಆಟ. ಅಲ್ಲಿ ಅನಿರೀಕ್ಷಿತ ಎಡವಟ್ಟಿಗೆ ಜಾಗ ಕಡಿಮೆ.

ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ವೆನ್‌ಲಿಯಾಂಗ್ ಡು 2002ರಿಂದ ಬೆಳೆಸಿದ ಸೀಡ್ ಲ್ಯಾಬ್ಸ್ ಇನ್ನೂ ಆಳಕ್ಕಿಳಿಯುತ್ತದೆ. ಇದೂ ಉಚಿತ. ಒಂದೇ ಕಂಪ್ಯೂಟರ್‌ನೊಳಗೆ ದಾಳಿ ಮಾಡುವ ಯಂತ್ರ, ದಾಳಿಗೊಳಗಾಗುವ ಯಂತ್ರ ಎರಡನ್ನೂ ಕಲ್ಪಿಸಿಕೊಳ್ಳಬಹುದು. ಮೊದಲು ರಕ್ಷಣೆಗಳನ್ನೆಲ್ಲ ತೆಗೆದು ದಾಳಿ ಮಾಡಿ ಗೆಲ್ಲಬೇಕು. ಬಳಿಕ ಒಂದೊಂದೇ ರಕ್ಷಣೆ ಹಾಕಿ, ಅದೇ ದಾಳಿ ಏಕೆ ಸೋತಿತು ಎಂದು ನೋಡಬೇಕು. ಎಲ್ಲ ಕೆಟ್ಟರೆ ಅಳಿಸಿ ಹೊಸದಾಗಿ ಶುರು ಮಾಡಬಹುದು, ಯಾರಿಗೂ ನಷ್ಟವಿಲ್ಲ. ವಿವರಣೆಯಿಲ್ಲದೆ ಬರೀ ಕೋಡ್ ಅಂಟಿಸಿದರೆ ಅಂಕವಿಲ್ಲ ಎಂಬ ಮಾತು ಅದರ ಸೂಚನೆಯಲ್ಲೇ ಇದೆ. ನಮಗೆ ಹಿಡಿಸಿದ್ದು ಇದೇ. ಲ್ಯಾಬ್ ರೆಕಾರ್ಡನ್ನು ಗೆಳೆಯನಿಂದ ನಕಲು ಮಾಡುವ ಹಳೇ ಚಾಳಿ ಪರದೆಯ ಚಿತ್ರ ಅಂಟಿಸುವ ರೂಪದಲ್ಲಿ ಮುಂದುವರಿದರೆ, ಯಂತ್ರ ಎಷ್ಟು ಚೆನ್ನಾಗಿದ್ದರೂ ಹುಡುಗರು ಕಲಿಯುವುದು ಸೊನ್ನೆ. "ಏಕೆ ಸೋತಿತು?" ಎಂದು ಕೇಳುವ ಮೇಷ್ಟ್ರು ಬೇಕು.

ಇನ್ನು ಸಲಕರಣೆಯ ಮಾತು. ಇಂಥ ಲ್ಯಾಬ್ ಮೊಬೈಲಿನಲ್ಲಿ ನಡೆಯುವುದಿಲ್ಲ. ಸಾಕಷ್ಟು ಮೆಮೊರಿ ಇರುವ ಕಂಪ್ಯೂಟರ್ ಬೇಕು. ತೋಟದ ಮನೆಯ ಎಷ್ಟು ಮಕ್ಕಳ ಬಳಿ ಅದಿದ್ದೀತು? ತುಮಕೂರು ಜಿಲ್ಲೆ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದು, ನಮ್ಮದಲ್ಲ ನಿಜ. ಆದರೂ ಅಲ್ಲಿನ ಮತ್ತು ಇಲ್ಲಿನ ಚರ್ಚ್ ಶಾಲೆಗಳು ತಮ್ಮ ಕಂಪ್ಯೂಟರ್ ಕೊಠಡಿಗಳನ್ನು ಶನಿವಾರ ಮಧ್ಯಾಹ್ನ ಊರಿನ ಕಾಲೇಜು ಮಕ್ಕಳಿಗೆ, ಯಾವ ಧರ್ಮದವರೆಂದು ಕೇಳದೆ, ಎರಡು ಗಂಟೆ ತೆರೆದಿಡಬಹುದು. ಕಲಿಸಲು ವಾಮಂಜೂರಿನ ನಮ್ಮ ಸಂತ ಜೋಸೆಫ್ ಇಂಜಿನಿಯರಿಂಗ್ ಕಾಲೇಜಿನಂಥ ಕಡೆಯ ಹಿರಿಯ ವಿದ್ಯಾರ್ಥಿಗಳನ್ನು ಕೇಳಿ ನೋಡೋಣ. ಐಸಿವೈಎಂ ಘಟಕಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಬಹುದು.